ಜನ್ಮಜಾತ ಹೃದಯದೋಷ : ಆಜೀವ ಆರೈಕೆಯ ಸಮನ್ವಯ

ಪೀಠಿಕೆ

'ಹೃದಯ' ಎಂಬ ಶಬ್ದವನ್ನು ಬೃಹದಾರಣ್ಯಕೋಪನಿಷತ್ತು ಮೂರು ಅಕ್ಷರಗಳಾಗಿ ಬಿಡಿಸಿ ವಿವರಿಸುತ್ತದೆ. 'ಹೃ' ಎಂಬುದರಲ್ಲಿ ತರುವ ಅರ್ಥವೂ, 'ದ' ಎಂಬುದರಲ್ಲಿ ಕೊಡುವ ಅರ್ಥವೂ, 'ಯ' ಎಂಬುದರಲ್ಲಿ ಹೋಗುವ ಅರ್ಥವೂ ಅಡಗಿವೆ. ಉಪನಿಷತ್ತಿನ ಋಷಿಯ ಲಕ್ಷ್ಯವಿದ್ದುದು ಪರತತ್ತ್ವದ ಕಡೆಗೇ ಹೊರತು ಶರೀರಶಾಸ್ತ್ರದ ಕಡೆಗಲ್ಲ. ಆದರೂ ಎದೆಗೂಡಿನಲ್ಲಿರುವ ಮುಷ್ಟಿಗಾತ್ರದ ಅವಯವಕ್ಕೂ ಈ ನಿರ್ವಚನ ಚೆನ್ನಾಗಿ ಒಪ್ಪುತ್ತದೆ. ದೇಹದೆಲ್ಲೆಡೆಯಿಂದ ರಕ್ತವನ್ನು ತಂದುಕೊಂಡು ಶ್ವಾಸಕೋಶಕ್ಕೆ ಕೊಡುವುದು, ಅಲ್ಲಿ ಪ್ರಾಣವಾಯುವನ್ನು ಪಡೆದು ಮರಳಿದ ರಕ್ತವನ್ನು ಸರ್ವಾಂಗಗಳಿಗೆ ಹಂಚುವುದು, ಎಲ್ಲಿಯೂ ನಿಲ್ಲದೆ ನಡೆಯುತ್ತಲೇ ಇರುವುದು, ಇದೇ ಹೃದಯದ ಧರ್ಮ. ಗರ್ಭದ ನಾಲ್ಕನೆಯ ವಾರದಲ್ಲಿ ಮಿಡಿಯತೊಡಗಿದ ಅದು ಕೊನೆಯುಸಿರಿನವರೆಗೆ ವಿರಾಮವನ್ನರಿಯದು.

ಇಂತಹ ಅವಯವವು ರೂಪುಗೊಳ್ಳುವ ಕಾಲದಲ್ಲಿಯೇ ಕುಂದಿಗೆ ಒಳಗಾದರೆ ಅದನ್ನು ಜನ್ಮಜಾತ ಹೃದಯದೋಷ ಎನ್ನುತ್ತಾರೆ. ಹುಟ್ಟುವ ಸಾವಿರ ಶಿಶುಗಳಲ್ಲಿ ಎಂಟರಿಂದ ಹತ್ತಕ್ಕೆ ಇಂತಹ ಒಂದಲ್ಲ ಒಂದು ದೋಷವಿರುತ್ತದೆ. ಭಾರತದಲ್ಲಿ ವರ್ಷಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಮಕ್ಕಳು ಹೀಗೆ ಹುಟ್ಟುತ್ತಾರೆಂದೂ, ಅವರಲ್ಲಿ ಸುಮಾರು ಐದನೆಯ ಒಂದು ಭಾಗಕ್ಕೆ ಮೊದಲ ವರ್ಷದೊಳಗೇ ಚಿಕಿತ್ಸೆ ಅಗತ್ಯವೆಂದೂ ತಜ್ಞರು ಅಂದಾಜು ಮಾಡಿದ್ದಾರೆ. ಈ ಮಕ್ಕಳ ಶಸ್ತ್ರಚಿಕಿತ್ಸೆಯ ವಿಷಯ ಇಂದು ಜನಸಾಮಾನ್ಯರಿಗೂ ತಿಳಿದಿದೆ. ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಆ ಮಗು ಇಪ್ಪತ್ತು, ನಲವತ್ತು, ಅರವತ್ತು ವರ್ಷ ಬಾಳಬೇಕಲ್ಲ, ಆ ಬಾಳಿನುದ್ದಕ್ಕೂ ಅದರ ಹೃದಯವನ್ನು ನೋಡಿಕೊಳ್ಳುವವರು ಯಾರು ಎಂಬುದು ಮಾತ್ರ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಪ್ರಸ್ತುತ ಲೇಖನದ ವಸ್ತು ಅದೇ.

ದೋಷದ ಸ್ವರೂಪ

ಹೃದಯದಲ್ಲಿ ಮೇಲೆ ಎರಡು ಹೃತ್ಕರ್ಣಗಳೂ ಕೆಳಗೆ ಎರಡು ಹೃತ್ಕುಕ್ಷಿಗಳೂ ಇವೆ. ಎಡಬಲಗಳ ನಡುವೆ ಗೋಡೆಯೂ, ಮೇಲುಕೆಳಗುಗಳ ನಡುವೆ ಕವಾಟಗಳೂ ಇರುತ್ತವೆ. ಈ ರಚನೆಯು ಗರ್ಭದ ಎಂಟನೆಯ ವಾರದ ಹೊತ್ತಿಗೆ ಬಹುಮಟ್ಟಿಗೆ ಪೂರ್ಣವಾಗುತ್ತದೆ. ಗೋಡೆಯಲ್ಲಿ ರಂಧ್ರ ಉಳಿಯುವುದು, ಕವಾಟ ಕಿರಿದಾಗುವುದು, ಮಹಾಧಮನಿ ಒಂದೆಡೆ ಸಂಕೋಚಗೊಳ್ಳುವುದು, ಗರ್ಭದಲ್ಲಿ ಮಾತ್ರ ಬೇಕಾಗಿದ್ದ ನಾಳವೊಂದು ಹುಟ್ಟಿದ ಮೇಲೂ ಮುಚ್ಚದಿರುವುದು ಇವು ಸಾಮಾನ್ಯ ದೋಷಗಳು. ಎರಡು ಹೃತ್ಕುಕ್ಷಿಗಳ ಬದಲು ಒಂದೇ ಕೆಲಸಕ್ಕೆ ಬರುವಂತಿರುವುದು ಅತಿ ಕ್ಲಿಷ್ಟವಾದ ದೋಷ. ಗೋಡೆಯ ರಂಧ್ರ, ಶ್ವಾಸಕೋಶದ ಕಡೆಗಿನ ಮಾರ್ಗದ ಸಂಕೋಚ, ಸ್ಥಾನ ಸರಿದ ಮಹಾಧಮನಿ, ದಪ್ಪಗಾದ ಬಲ ಹೃತ್ಕುಕ್ಷಿ ಈ ನಾಲ್ಕೂ ಒಟ್ಟುಗೂಡಿದ ದೋಷವನ್ನು ಫ್ರಾನ್ಸಿನ ಮಾರ್ಸೇಲ್ ನಗರದ ವೈದ್ಯ ಫಾಲೋ 1888ರಲ್ಲಿ ವಿಶದವಾಗಿ ವರ್ಣಿಸಿದನು. ಆತನ ಹೆಸರಿನಿಂದಲೇ ಅದು ಇಂದಿಗೂ ಪ್ರಸಿದ್ಧವಾಗಿದೆ. ಈ ದೋಷವುಳ್ಳ ಮಕ್ಕಳ ತುಟಿ, ಉಗುರುಗಳು ನೀಲಿಗಟ್ಟುವುದರಿಂದ ಅವರಿಗೆ 'ನೀಲಿ ಶಿಶು'ಗಳೆಂಬ ಹೆಸರು ಬಂದಿತು.

ಗ್ರಹಣಕಾಲದಲ್ಲಿ ತಾಯಿ ಹೊರಗೆ ಬಂದುದರಿಂದಲೋ, ಪೂರ್ವಾರ್ಜಿತ ಪಾಪದಿಂದಲೋ ಇದು ಬಂದಿತೆಂದು ನಂಬಿ ತಾಯಿಯನ್ನು ದೂಷಿಸುವುದು ಸರ್ವಥಾ ತಪ್ಪು. ವಂಶವಾಹಿಗಳಲ್ಲಿನ ವ್ಯತ್ಯಾಸ, ಗರ್ಭಾರಂಭದಲ್ಲಿ ತಾಯಿಗೆ ತಗುಲಿದ ರುಬೆಲ್ಲಾ, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಕೆಲವು ಔಷಧಗಳು ಇವು ತಿಳಿದುಬಂದಿರುವ ಕಾರಣಗಳು. ಬಹುಸಂಖ್ಯೆಯ ಮಕ್ಕಳಲ್ಲಿ ಯಾವುದೊಂದು ಕಾರಣವನ್ನೂ ಬೆರಳಿಟ್ಟು ತೋರಿಸಲು ಬರುವುದಿಲ್ಲ.

ಚಿಕಿತ್ಸೆಯ ಇತಿಹಾಸ

1938ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ರಾಬರ್ಟ್ ಗ್ರಾಸ್ ಎಂಬ ತರುಣ ಶಸ್ತ್ರವೈದ್ಯನು ಮುಚ್ಚದೆ ಉಳಿದಿದ್ದ ನಾಳವನ್ನು ಬಾಲಕಿಯೊಬ್ಬಳಲ್ಲಿ ಯಶಸ್ವಿಯಾಗಿ ಕಟ್ಟಿದನು. ನೀಲಿ ಶಿಶುಗಳ ಪಾಲಿಗೆ ಬೆಳಕು ಮೂಡಿದ್ದು ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ. ಅಲ್ಲಿನ ಮಕ್ಕಳ ಹೃದ್ರೋಗ ವಿಭಾಗದ ಡಾ. ಹೆಲೆನ್ ಟಾಸಿಗ್ ಅವರಿಗೆ ಕಿವಿ ಮಂದವಾಗಿತ್ತು. ಮಕ್ಕಳ ಎದೆಯ ಮೇಲೆ ಕೈಯಿಟ್ಟು ಮಿಡಿತವನ್ನು ಗ್ರಹಿಸುವ ಅಭ್ಯಾಸವನ್ನು ಅವರು ಸಾಧಿಸಿಕೊಂಡಿದ್ದರು. ಶ್ವಾಸಕೋಶಕ್ಕೆ ಹೆಚ್ಚು ರಕ್ತ ಹೋಗುವಂತೆ ಹೊಸ ದಾರಿಯೊಂದನ್ನು ಮಾಡಿಕೊಟ್ಟರೆ ಈ ಮಕ್ಕಳು ಬದುಕಿಯಾರು ಎಂಬುದು ಅವರಿಗೆ ಹೊಳೆದ ವಿಚಾರ. ಶಸ್ತ್ರವೈದ್ಯ ಆಲ್‌ಫ್ರೆಡ್ ಬ್ಲೇಲಾಕ್ ಅದನ್ನು ಕೈಗೆತ್ತಿಕೊಂಡರು. ಪ್ರಯೋಗಶಾಲೆಯಲ್ಲಿ ಆ ವಿಧಾನವನ್ನು ಸಿದ್ಧಪಡಿಸಿದವರು, ಕಾಲೇಜು ಶಿಕ್ಷಣದ ಅವಕಾಶವನ್ನೇ ಪಡೆಯದ ಕರಿಯ ಜನಾಂಗದ ಸಹಾಯಕ ವಿವಿಯನ್ ಥಾಮಸ್. 1944ರ ನವೆಂಬರ್ 29ರಂದು ಹದಿನೈದು ತಿಂಗಳ ಹೆಣ್ಣುಮಗುವಿಗೆ ಮೊದಲ ಶಸ್ತ್ರಚಿಕಿತ್ಸೆ ನಡೆದಾಗ ಥಾಮಸ್ ಅವರು ಬ್ಲೇಲಾಕರ ಬೆನ್ನ ಹಿಂದೆ ಪೀಠವೊಂದರ ಮೇಲೆ ನಿಂತು ಸಲಹೆ ಕೊಡುತ್ತಿದ್ದರು. ಅವರಿಗೆ ಆ ವಿದ್ಯಾಸಂಸ್ಥೆಯ ಗೌರವ ಡಾಕ್ಟರೇಟ್ ಸಂದದ್ದು 1976ರಲ್ಲಿ.

1953ರಲ್ಲಿ ಜಾನ್ ಗಿಬ್ಬನ್ ಹೃದಯ ಶ್ವಾಸಕೋಶ ಯಂತ್ರದ ನೆರವಿನಿಂದ ಹೃದಯವನ್ನು ತೆರೆದು ರಂಧ್ರವನ್ನು ಮುಚ್ಚಿದನು. 1954ರಲ್ಲಿ ಮಿನ್ನೆಸೋಟದಲ್ಲಿ ಲಿಲ್ಲೆಹೈ ಫಾಲೋ ದೋಷವನ್ನು ಒಳಗಿನಿಂದಲೇ ಸರಿಪಡಿಸಿದನು. ಒಂದೇ ಹೃತ್ಕುಕ್ಷಿಯ ಮಕ್ಕಳಿಗಾಗಿ ಫ್ರಾನ್ಸಿನ ಫೊಂಟಾನ್ ರೂಪಿಸಿದ ವಿಧಾನವು 1971ರಲ್ಲಿ ಪ್ರಕಟವಾಯಿತು. ಹೀಗೆ ಒಂದೇ ತಲೆಮಾರಿನ ಅವಧಿಯಲ್ಲಿ, ಬದುಕುವುದೇ ಅಸಾಧ್ಯವೆನಿಸಿದ್ದ ಮಕ್ಕಳು ಬದುಕತೊಡಗಿದರು.

ಈ ಇತಿಹಾಸದಲ್ಲಿ ಹೆಚ್ಚು ಪ್ರಸಿದ್ಧಿಗೆ ಬಾರದ, ಆದರೆ ಪ್ರಕೃತ ವಿಷಯಕ್ಕೆ ಅತ್ಯಂತ ಮುಖ್ಯವಾದ ಸಂಗತಿಯೊಂದುಂಟು. ಡಾ. ಟಾಸಿಗ್ 1963ರಲ್ಲಿ ನಿವೃತ್ತರಾದರು. ಆದರೆ ತಮ್ಮ ನೀಲಿ ಶಿಶುಗಳನ್ನು ಅವರು ಮರೆಯಲಿಲ್ಲ. ಆ ಮಕ್ಕಳು ಬೆಳೆದು, ಓದಿ, ಉದ್ಯೋಗ ಹಿಡಿದು, ತಾವೇ ತಂದೆತಾಯಿಗಳಾದ ಮೇಲೂ ಅವರ ಆರೋಗ್ಯದ ವಿವರಗಳನ್ನು ಸಂಗ್ರಹಿಸಿ, ಬಹುವರ್ಷಗಳ ಅವಲೋಕನದ ಫಲವನ್ನು 1970ರ ದಶಕದಲ್ಲಿ ಪ್ರಬಂಧಗಳಾಗಿ ಪ್ರಕಟಿಸಿದರು. ಆಜೀವ ಆರೈಕೆ ಎಂಬ ಇಂದಿನ ತತ್ತ್ವದ ಬೀಜ ಈ ಶಾಸ್ತ್ರದ ಆರಂಭದಲ್ಲಿಯೇ ಇದ್ದಿತೆಂಬುದು ಇದರಿಂದ ವೇದ್ಯವಾಗುತ್ತದೆ.

'ಗುಣವಾಯಿತು' ಎಂಬ ಮಾತಿನ ಅರ್ಥ

'ಹೊಳೆ ದಾಟಿದ ಮೇಲೆ ಅಂಬಿಗನ ಹಂಗಿಲ್ಲ' ಎಂಬ ಗಾದೆ ಲೋಕದಲ್ಲಿ ಬಳಕೆಯಲ್ಲಿದೆ. ಶಸ್ತ್ರಚಿಕಿತ್ಸೆ ಮುಗಿಸಿ ಮಗುವನ್ನು ಮನೆಗೆ ಕರೆತಂದ ಹೆತ್ತವರಿಗೂ ಹೀಗೆಯೇ ತೋರುವುದು ಸಹಜ. ಆದರೆ ಸರಿಪಡಿಸುವುದೇ ಬೇರೆ, ನಿರ್ದೋಷವಾಗುವುದೇ ಬೇರೆ. ಒಡೆದ ಕೆರೆಯ ಏರಿಯನ್ನು ಭದ್ರವಾಗಿ ಕಟ್ಟಿದ ಮೇಲೂ ಪ್ರತಿ ಮಳೆಗಾಲದಲ್ಲಿ ತೂಬು, ಕೋಡಿಗಳನ್ನು ನೋಡಿಕೊಳ್ಳದಿದ್ದರೆ ಕೆರೆ ನಿಲ್ಲುವುದಿಲ್ಲ.

ಬಾಲ್ಯದಲ್ಲಿ ಫಾಲೋ ದೋಷದ ಶಸ್ತ್ರಚಿಕಿತ್ಸೆಯಾದವರಲ್ಲಿ ಅನೇಕರಿಗೆ ಶ್ವಾಸಕೋಶದ ಕಡೆಗಿರುವ ಕವಾಟವು ಸೋರತೊಡಗುತ್ತದೆ. ಈ ಸೋರಿಕೆ ಹತ್ತಿಪ್ಪತ್ತು ವರ್ಷ ಯಾವ ತೊಂದರೆಯನ್ನೂ ತೋರಿಸದೆ ಬಲ ಹೃತ್ಕುಕ್ಷಿಯನ್ನು ಹಿಗ್ಗಿಸುತ್ತ ಹೋಗುತ್ತದೆ. ಸಕಾಲದಲ್ಲಿ ತಿಳಿದರೆ ಹೊಸ ಕವಾಟವನ್ನು ಅಳವಡಿಸಬಹುದು. 2000ದಲ್ಲಿ ಬಾನ್‌ಹಾಫರ್ ತೋರಿಸಿಕೊಟ್ಟ ಮೇಲೆ, ಎದೆಯನ್ನು ಸೀಳದೆ ರಕ್ತನಾಳದ ಮೂಲಕವೇ ಕವಾಟವನ್ನು ಕೂರಿಸುವ ವಿಧಾನವೂ ಬಳಕೆಗೆ ಬಂದಿದೆ. ತಡವಾದರೆ ಹೃದಯದ ಲಯ ತಪ್ಪಿ ಹಠಾತ್ ಮರಣವೂ ಸಂಭವಿಸಬಹುದು. ಮಹಾಧಮನಿಯ ಸಂಕೋಚವನ್ನು ನಿವಾರಿಸಿದ ಮೇಲೂ ರಕ್ತದೊತ್ತಡ ಏರುವುದುಂಟು, ಸಂಕೋಚ ಮರುಕಳಿಸುವುದೂ ಉಂಟು. ಫೊಂಟಾನ್ ವಿಧಾನದ ಶಸ್ತ್ರಚಿಕಿತ್ಸೆಯಾದವರಲ್ಲಿ ವರ್ಷಗಳು ಕಳೆದಂತೆ ಯಕೃತ್ತು ಗಡುಸಾಗುವುದರಿಂದ ಹೃದಯದ ಜೊತೆಗೆ ಅದನ್ನೂ ಪರೀಕ್ಷಿಸುತ್ತಿರಬೇಕು. ಶಿಶುವಾಗಿದ್ದಾಗ ಅಳವಡಿಸಿದ ಕೃತಕ ನಾಳವು ಮಗು ಬೆಳೆದಂತೆ ಬೆಳೆಯಲಾರದು, ಅದನ್ನು ಬದಲಾಯಿಸಬೇಕಾಗುತ್ತದೆ.

ಎಲ್ಲರಿಗೂ ಒಂದೇ ನಿಯಮವಲ್ಲ ಎಂಬುದನ್ನೂ ಇಲ್ಲಿ ಹೇಳತಕ್ಕದ್ದು. ಕಾಲಕ್ಕೆ ಸರಿಯಾಗಿ ನಾಳವನ್ನು ಮುಚ್ಚಿಸಿಕೊಂಡು ಯಾವ ಶೇಷವೂ ಉಳಿಯದವರಿಗೆ ಮತ್ತೆಮತ್ತೆ ಪರೀಕ್ಷೆ ಬೇಕಾಗದಿರಬಹುದು. ಕೆಲವರಿಗೆ ಮೂರು ನಾಲ್ಕು ವರ್ಷಕ್ಕೊಮ್ಮೆ, ಕ್ಲಿಷ್ಟ ದೋಷವುಳ್ಳವರಿಗೆ ವರ್ಷಕ್ಕೊಮ್ಮೆ ಅಥವಾ ಇನ್ನೂ ಬೇಗ ಬೇಕಾಗಬಹುದು. ಇದನ್ನು ನಿರ್ಣಯಿಸಬೇಕಾದವರು ತಜ್ಞರೇ ಹೊರತು, ಮೈಯಲ್ಲಿ ಸದ್ಯಕ್ಕೆ ಕಾಣುವ ಚೈತನ್ಯವಲ್ಲ.

ಹದಿನೆಂಟರ ಅಂತರಾಳ

ಮಗುವಾಗಿರುವಷ್ಟು ಕಾಲ ತಾಯಿ ದಿನಾಂಕವನ್ನು ನೆನಪಿಟ್ಟು ಆಸ್ಪತ್ರೆಗೆ ಕರೆದೊಯ್ಯುತ್ತಾಳೆ. ಹದಿನೆಂಟು ತುಂಬುತ್ತಲೇ ಮಕ್ಕಳ ಹೃದ್ರೋಗ ವಿಭಾಗದ ಬಾಗಿಲು ಮುಚ್ಚುತ್ತದೆ. ವಯಸ್ಕರ ವಿಭಾಗದಲ್ಲಿರುವ ವೈದ್ಯರಲ್ಲಿ ಬಹುಮಂದಿ ರಕ್ತನಾಳಗಳ ಅಡಚಣೆಯಿಂದ ಬರುವ ಹೃದಯಾಘಾತದಲ್ಲಿ ನಿಷ್ಣಾತರೇ ಹೊರತು ಹುಟ್ಟಿನಿಂದ ಬಂದ ದೋಷಗಳಲ್ಲಿ ಅಲ್ಲ. ಅದೇ ವಯಸ್ಸಿನಲ್ಲಿ ಯುವಕನು ಓದಿಗಾಗಿಯೋ ಉದ್ಯೋಗಕ್ಕಾಗಿಯೋ ಊರು ಬಿಡುತ್ತಾನೆ, ಯುವತಿ ಮದುವೆಯಾಗಿ ಗಂಡನ ಮನೆಗೆ ಹೋಗುತ್ತಾಳೆ. ಹಳೆಯ ಕಾಗದಪತ್ರಗಳು ತವರಿನ ಪೆಟ್ಟಿಗೆಯಲ್ಲಿಯೇ ಉಳಿಯುತ್ತವೆ.

ಇದು ಕೇವಲ ಊಹೆಯಲ್ಲ. ಕೆನಡಾದ ಟೊರಾಂಟೊ ನಗರದಲ್ಲಿ ಜನ್ಮಜಾತ ಹೃದಯದೋಷವುಳ್ಳ ವಯಸ್ಕರಿಗಾಗಿ ಪ್ರತ್ಯೇಕ ಚಿಕಿತ್ಸಾಲಯವು 1959ರಲ್ಲಿಯೇ ಆರಂಭವಾಗಿತ್ತು. ಆ ನಗರದ ಮಕ್ಕಳ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದಿದ್ದ, ಕ್ಲಿಷ್ಟ ದೋಷವುಳ್ಳ 360 ತರುಣ ತರುಣಿಯರನ್ನು ಕುರಿತ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಅವರಲ್ಲಿ ವಯಸ್ಕರ ತಜ್ಞಕೇಂದ್ರವನ್ನು ಯಶಸ್ವಿಯಾಗಿ ಸೇರಿದವರು ಶೇಕಡ 47 ಮಾತ್ರ. ಶೇಕಡ 27ರಷ್ಟು ಮಂದಿ ಹದಿನೆಂಟರ ಬಳಿಕ ಹೃದಯದ ವೈದ್ಯರನ್ನು ಒಮ್ಮೆಯೂ ಕಂಡಿರಲಿಲ್ಲ. ಹಣಕಾಸಿನ ಅಡ್ಡಿಯಿಲ್ಲದ ಸಾರ್ವಜನಿಕ ವೈದ್ಯ ವ್ಯವಸ್ಥೆಯುಳ್ಳ ದೇಶದ ಸ್ಥಿತಿಯೇ ಹೀಗಿತ್ತು. ಯಾರು ದಾರಿ ತಪ್ಪಲಿಲ್ಲ ಎಂಬುದನ್ನೂ ಆ ಅಧ್ಯಯನ ತೋರಿಸಿತು. ಮುಂದೆ ಎಲ್ಲಿ ತೋರಿಸಿಕೊಳ್ಳಬೇಕೆಂಬುದನ್ನು ದಾಖಲೆಯಲ್ಲಿ ಬರೆದುಕೊಟ್ಟಿದ್ದವರು ಮತ್ತು ಹೆತ್ತವರ ಜೊತೆಯಿಲ್ಲದೆ ತಾವೇ ವೈದ್ಯರನ್ನು ಕಾಣುವ ಅಭ್ಯಾಸವಿದ್ದವರು ಹೆಚ್ಚಾಗಿ ತಜ್ಞಕೇಂದ್ರವನ್ನು ತಲಪಿದ್ದರು.

ಅದೇ ದೇಶದ ಕ್ವಿಬೆಕ್ ಪ್ರಾಂತದಲ್ಲಿ 1990ರಿಂದ 2005ರವರೆಗಿನ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವು 2014ರಲ್ಲಿ ಪ್ರಕಟವಾಯಿತು. ಇಂತಹ ವಯಸ್ಕರನ್ನು ತಜ್ಞಕೇಂದ್ರಗಳಿಗೆ ಕಳುಹಿಸಬೇಕೆಂಬ ಮಾರ್ಗಸೂಚಿ 1998ರಲ್ಲಿ ಬಂದ ಮೇಲೆ ಹಾಗೆ ಕಳುಹಿಸುವುದು ಹೆಚ್ಚಿತೆಂದೂ, ಮರಣಪ್ರಮಾಣ ಇಳಿಯಿತೆಂದೂ ಅದು ತಿಳಿಸಿತು. ಸುವ್ಯವಸ್ಥಿತ ಆರೈಕೆಯಿಂದ ಜೀವ ಉಳಿಯುತ್ತದೆ ಎಂಬುದಕ್ಕೆ ಇದೊಂದು ಪ್ರಬಲ ಸಾಕ್ಷಿ.

ಇಲ್ಲಿ ಎರಡು ಶಬ್ದಗಳ ಭೇದವನ್ನು ಅರಿಯುವುದು ಒಳಿತು. ಒಂದು ವಿಭಾಗದಿಂದ ಇನ್ನೊಂದಕ್ಕೆ ರೋಗಿಯನ್ನು ಒಪ್ಪಿಸುವುದು ಹಸ್ತಾಂತರ. ಅದು ಒಂದು ದಿನದ ಕಾರ್ಯ. ತನ್ನ ಹೃದಯದ ಹೊಣೆಯನ್ನು ತಾನೇ ಹೊರುವಂತೆ ಮಗುವನ್ನು ಮೆಲ್ಲಮೆಲ್ಲನೆ ಸಿದ್ಧಗೊಳಿಸುವುದು ಸಂಕ್ರಮಣ. ಅದು ಹಲವು ವರ್ಷಗಳ ಶಿಕ್ಷಣ. ಹನ್ನೆರಡರ ಸುಮಾರಿಗೆ ಅದು ಆರಂಭವಾಗಬೇಕೆಂಬುದು ತಜ್ಞರ ಮತ. ಸಂಕ್ರಮಣವಿಲ್ಲದ ಹಸ್ತಾಂತರ ಫಲಿಸುವುದಿಲ್ಲ.

ಸಮನ್ವಯದ ಕ್ರಮ

ಪದ್ಯವೊಂದರಲ್ಲಿ ಪದಗಳು ಛಂದಸ್ಸಿನ ನಿರ್ಬಂಧದಿಂದ ಅಲ್ಲಲ್ಲಿ ಚದುರಿರುತ್ತವೆ. ಕರ್ತೃ, ಕರ್ಮ, ಕ್ರಿಯೆಗಳನ್ನು ಕೂಡಿಸಿ ಅನ್ವಯ ಮಾಡಿದಾಗಲೇ ಅರ್ಥ ಸ್ಫುರಿಸುತ್ತದೆ. ಈ ರೋಗಿಗಳ ವಿಷಯವೂ ಅಂತೆಯೇ. ಊರಿನ ವೈದ್ಯರು, ಜಿಲ್ಲಾ ಆಸ್ಪತ್ರೆ, ದೂರದ ತಜ್ಞಕೇಂದ್ರ, ದಂತವೈದ್ಯರು, ಪ್ರಸೂತಿ ತಜ್ಞರು ಹೀಗೆ ಹಲವರ ಕಾರ್ಯ ಚದುರಿರುತ್ತದೆ. ಅವನ್ನೆಲ್ಲ ಒಂದು ವಾಕ್ಯವಾಗಿ ಕೂಡಿಸುವುದೇ ಸಮನ್ವಯ. ಪ್ರತಿಸಲವೂ ತಜ್ಞಕೇಂದ್ರಕ್ಕೇ ಹೋಗಬೇಕೆಂದಿಲ್ಲ. ರಕ್ತದೊತ್ತಡ, ಇ.ಸಿ.ಜಿ., ಔಷಧಗಳ ಉಸ್ತುವಾರಿ ಹತ್ತಿರದಲ್ಲಿಯೇ ನಡೆಯಬಹುದು. ಎಕೋ ಪರೀಕ್ಷೆ, ಎಂ.ಆರ್.ಐ. ಮತ್ತು ಮುಂದಿನ ನಿರ್ಣಯಗಳು ತಜ್ಞಕೇಂದ್ರದಲ್ಲಿ ಆಗಬಹುದು. ಒಬ್ಬರು ಬರೆದದ್ದು ಇನ್ನೊಬ್ಬರ ಕೈಸೇರುವುದು ಮಾತ್ರ ಅತ್ಯವಶ್ಯ.

ಇದಕ್ಕೆ ಮೂಲಾಧಾರವೆಂದರೆ ರೋಗಿಯ ಕೈಯಲ್ಲಿರುವ ದಾಖಲೆ. ದೋಷದ ಹೆಸರು, ಸಾಧ್ಯವಾದರೆ ಅದರ ಚಿತ್ರ, ಶಸ್ತ್ರಚಿಕಿತ್ಸೆಯ ದಿನಾಂಕ ಮತ್ತು ವಿಧಾನ, ಒಳಗೆ ಅಳವಡಿಸಿದ ಕವಾಟ ಅಥವಾ ಪೇಸ್‌ಮೇಕರಿನ ವಿವರ, ಕೊನೆಯ ಎಕೋ ಪರೀಕ್ಷೆಯ ವರದಿ, ಸೇವಿಸುವ ಔಷಧಗಳು, ಮುಂದೆ ಯಾವಾಗ ಎಲ್ಲಿ ತೋರಿಸಬೇಕೆಂಬ ಸೂಚನೆ ಇಷ್ಟೂ ಒಂದೆರಡು ಹಾಳೆಗಳಲ್ಲಿ ಅಡಕವಾಗಬಲ್ಲವು. ಹತ್ತು ವರ್ಷದ ಹಿಂದಿನ ಶಸ್ತ್ರಚಿಕಿತ್ಸೆಯ ವಿವರವಿಲ್ಲದೆ ಹೊಸ ವೈದ್ಯನು ಎಷ್ಟೇ ಸಮರ್ಥನಾದರೂ ಕತ್ತಲಲ್ಲಿ ತಡಕಾಡಬೇಕಾಗುತ್ತದೆ.

ಹೃದಯಕ್ಕೆ ಸಂಬಂಧಿಸಿಲ್ಲವೆಂದು ತೋರುವ ಸಂದರ್ಭಗಳಲ್ಲಿಯೂ ಈ ದಾಖಲೆ ಬೇಕಾಗುತ್ತದೆ. ಹಲ್ಲು ಒಸಡುಗಳ ಸೋಂಕು ರಕ್ತದ ಮೂಲಕ ಹೃದಯದ ಒಳಪದರಕ್ಕೆ ತಗುಲಬಹುದಾದುದರಿಂದ ದಂತಶುದ್ಧಿ ಇವರಿಗೆ ಮುಖ್ಯ. ಕೃತಕ ಕವಾಟವುಳ್ಳವರಂತಹ ಕೆಲವರಿಗೆ ಹಲ್ಲು ಕೀಳುವ ಮುನ್ನ ಆಂಟಿಬಯಾಟಿಕ್ ಔಷಧ ಕೊಡಬೇಕಾಗುತ್ತದೆ. ನೀಲಿಗಟ್ಟುವ ದೋಷವುಳ್ಳವರಿಗೆ ಗ್ಲೂಕೋಸ್ ಹನಿಸುವಾಗ ನಳಿಕೆಯಲ್ಲಿ ಸೇರಿದ ಸಣ್ಣ ಗಾಳಿಗುಳ್ಳೆಯೂ ಶ್ವಾಸಕೋಶದಲ್ಲಿ ಸೋಸಿಹೋಗದೆ ನೇರವಾಗಿ ಮಿದುಳಿಗೆ ತಲಪಬಹುದು. ಜ್ವರಕ್ಕೆ ಚಿಕಿತ್ಸೆ ಕೊಡುವವರಿಗೂ ಈ ಸಂಗತಿ ತಿಳಿದಿರಬೇಕು.

ಹೆಣ್ಣುಮಕ್ಕಳ ವಿಷಯವನ್ನು ವಿಶೇಷವಾಗಿ ಗಮನಿಸಬೇಕು. ಗರ್ಭಿಣಿಯ ಶರೀರದಲ್ಲಿ ರಕ್ತದ ಪ್ರಮಾಣ ಶೇಕಡ 40ಕ್ಕೂ ಮೀರಿ ಹೆಚ್ಚುವುದರಿಂದ ಹೃದಯದ ಹೊರೆಯೂ ಹೆಚ್ಚುತ್ತದೆ. ದೋಷವನ್ನು ಸರಿಪಡಿಸಿಕೊಂಡ ಬಹುಮಂದಿ ಸ್ತ್ರೀಯರು ಸುಖವಾಗಿ ಹೆರುತ್ತಾರೆ. ಆದರೆ ಶ್ವಾಸಕೋಶದ ರಕ್ತದೊತ್ತಡ ಬಹಳವಾಗಿ ಏರಿರುವವರಿಗೆ ಗರ್ಭಧಾರಣೆಯೇ ಪ್ರಾಣಾಪಾಯ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಎಂಬ ಔಷಧವು ಭ್ರೂಣಕ್ಕೆ ಹಾನಿಯನ್ನುಂಟುಮಾಡಬಹುದು. ಆದುದರಿಂದ ತಜ್ಞರ ಸಲಹೆಯನ್ನು ಗರ್ಭ ಧರಿಸುವ ಮೊದಲೇ ಪಡೆಯಬೇಕು. ಸಂಬಂಧ ತಪ್ಪಿಹೋದೀತೆಂಬ ಭಯದಿಂದ ಎದೆಯ ಗಾಯದ ಗುರುತನ್ನು ಮರೆಮಾಡಿ ಮದುವೆ ಮಾಡಿಕೊಡುವ ಹೆತ್ತವರು ಮಗಳ ಹಿತವನ್ನೇ ಬಯಸಿದ್ದರೂ, ಆ ಮೌನವು ಹೆರಿಗೆಯ ಹೊತ್ತಿನಲ್ಲಿ ಆಕೆಯ ಪ್ರಾಣಕ್ಕೇ ಎರವಾಗಬಹುದು.

ವಿದ್ಯಾಸಂಸ್ಥೆಗಳ ಪಾತ್ರ

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ಹುಟ್ಟಿನಿಂದ ಹದಿನೆಂಟರವರೆಗಿನ ಮಕ್ಕಳನ್ನು ಅಂಗನವಾಡಿಗಳಲ್ಲಿಯೂ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿಯೂ ವೈದ್ಯತಂಡಗಳು ಪರೀಕ್ಷಿಸುತ್ತವೆ. ಪತ್ತೆಹಚ್ಚಬೇಕಾದ ದೋಷಗಳ ಪಟ್ಟಿಯಲ್ಲಿ ಜನ್ಮಜಾತ ಹೃದಯದೋಷವೂ ಸೇರಿದೆ. ಕರ್ನಾಟಕದಲ್ಲಿ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯು ಮೈಸೂರು, ಕಲಬುರಗಿಗಳಲ್ಲಿಯೂ ಶಾಖೆಗಳನ್ನು ತೆರೆದುದರಿಂದ ದೂರದ ಜಿಲ್ಲೆಗಳವರಿಗೆ ಹಾದಿ ಕೊಂಚ ಹತ್ತಿರವಾಗಿದೆ. ಆದರೆ ಆ ಕಾರ್ಯಕ್ರಮದ ಮೇರೆಯೂ ಹದಿನೆಂಟೇ. ಶಾಲೆಯೂ ಆಗಲೇ ಮುಗಿಯುತ್ತದೆ. ಮಗುವಿಗೆ ಇದ್ದ ಎರಡು ಆಸರೆಗಳೂ ಒಮ್ಮೆಗೇ ಕಳಚುವ ಕಾಲವದು.

ಅದಕ್ಕೆ ಮೊದಲು ಅಧ್ಯಾಪಕರು ಮಾಡಬಹುದಾದುದು ಬಹಳವಿದೆ. ಎದೆಯ ಗಾಯವನ್ನು ಕಂಡು ಹೆದರಿ ಮಗುವನ್ನು ಆಟದ ಬಯಲಿನಿಂದ ಪೂರ್ತಿ ದೂರವಿಡುವುದೂ ತಪ್ಪು, ವಿಚಾರಿಸದೆ ಓಟದ ಸ್ಪರ್ಧೆಗೆ ಇಳಿಸುವುದೂ ತಪ್ಪು. ಎಷ್ಟು ಶ್ರಮ ಸಲ್ಲುತ್ತದೆಂಬುದನ್ನು ವೈದ್ಯರಿಂದ ಬರೆಸಿ ತರಿಸಬೇಕು. ಕ್ಲಿಷ್ಟ ದೋಷವುಳ್ಳ ಕೆಲವು ಮಕ್ಕಳಿಗೆ ಗಮನ, ಕಲಿಕೆಗಳಲ್ಲಿ ತೊಡಕಿರುವುದುಂಟು. ಅದನ್ನು ಸೋಮಾರಿತನವೆಂದು ಭಾವಿಸಬಾರದು. ಪ್ರೌಢಶಾಲೆಯ ವಿದ್ಯಾರ್ಥಿಯು ತನ್ನ ದೋಷದ ಹೆಸರನ್ನೂ, ತನಗಾದ ಶಸ್ತ್ರಚಿಕಿತ್ಸೆಯನ್ನೂ, ತಾನು ನುಂಗುವ ಮಾತ್ರೆಯ ಹೆಸರನ್ನೂ ತಡವರಿಸದೆ ಹೇಳುವಂತಾದರೆ ಅದೂ ಒಂದು ವಿದ್ಯೆಯೇ. ಶಾಲೆ ಬಿಡುವಾಗ ವರ್ಗಾವಣೆ ಪತ್ರ, ಅಂಕಪಟ್ಟಿಗಳ ಜೊತೆಗೆ ಹೃದಯದ ದಾಖಲೆಯೂ ಆತನ ಕೈಯಲ್ಲಿದೆಯೇ ಎಂದು ಕೇಳುವುದಕ್ಕೆ ಯಾವ ಖರ್ಚೂ ತಗುಲುವುದಿಲ್ಲ.

ದಾನಿಗಳ ವಿಷಯದಲ್ಲಿಯೂ ಒಂದು ಮಾತುಂಟು. ಬಡಮಗುವಿನ ಶಸ್ತ್ರಚಿಕಿತ್ಸೆಗೆ ನೆರವಾಗುವುದು ಮಹತ್ತಾದ ಪುಣ್ಯಕಾರ್ಯ. ಲೋಕವೂ ಅದನ್ನು ಕೊಂಡಾಡುತ್ತದೆ. ಆದರೆ ಹತ್ತು ವರ್ಷಗಳ ಬಳಿಕ ಅದೇ ಮಗು ತರುಣನಾಗಿ, ಒಂದು ದಿನದ ಕೂಲಿಯನ್ನು ಬಿಟ್ಟು ಪರೀಕ್ಷೆಗಾಗಿ ದೂರದ ನಗರಕ್ಕೆ ಹೋಗಬೇಕಾದಾಗ ಬಸ್ಸಿನ ಖರ್ಚಿಗೆ ಗತಿಯಿರುವುದಿಲ್ಲ. ಮೈಯಲ್ಲಿ ನೋವಿಲ್ಲದುದರಿಂದ 'ಬರುವ ವರ್ಷ ಹೋದರಾಯಿತು' ಎಂದುಕೊಳ್ಳುತ್ತಾನೆ. ಬರುವ ವರ್ಷವೂ ಹಾಗೆಯೇ ಕಳೆಯುತ್ತದೆ. ಆ ಪ್ರಯಾಣದ ಖರ್ಚನ್ನು, ಒಂದು ಎಕೋ ಪರೀಕ್ಷೆಯ ವೆಚ್ಚವನ್ನು ವರ್ಷವರ್ಷವೂ ಭರಿಸುವ ಸಣ್ಣ ನಿಧಿಯೊಂದು, ಮೊದಲು ಕೊಟ್ಟ ದೊಡ್ಡ ದಾನವು ವ್ಯರ್ಥವಾಗದಂತೆ ಕಾಯುತ್ತದೆ. ಊರೂರುಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು ಅಂತಹವನನ್ನು ಒಂದು ರಾತ್ರಿ ಮನೆಯಲ್ಲಿರಿಸಿಕೊಂಡು ಆಸ್ಪತ್ರೆಯ ದಾರಿ ತೋರಿಸಿದರೂ ಅದು ಸಣ್ಣ ಉಪಕಾರವಲ್ಲ.

ಉಪಸಂಹಾರ

ಹೃದಯಕ್ಕೆ ತರುವುದು, ಕೊಡುವುದು, ನಡೆಯುತ್ತಿರುವುದು ಎಂಬ ಮೂರು ಧರ್ಮಗಳೆಂದು ಆರಂಭದಲ್ಲಿ ಹೇಳಲಾಯಿತು. ದೋಷವುಳ್ಳ ಮಗುವನ್ನು ಗುರುತಿಸಿ ಆಸ್ಪತ್ರೆಗೆ ತರುವುದು, ಚಿಕಿತ್ಸೆಯನ್ನು ಕೊಡುವುದು ಎಂಬ ಮೊದಲೆರಡು ಕಾರ್ಯಗಳು ಇಂದು ಬಹುಮಟ್ಟಿಗೆ ಸಾಧ್ಯವಾಗಿವೆ. ಮೂರನೆಯದಾದ ನಡೆಯುತ್ತಿರುವುದು, ಅಂದರೆ ಆರೈಕೆಯು ಎಲ್ಲಿಯೂ ಕಡಿದುಹೋಗದಂತೆ ಬಾಳಿನ ಉದ್ದಕ್ಕೂ ಸಾಗುವುದು, ಇನ್ನೂ ಸಾಧಿತವಾಗಬೇಕಾಗಿದೆ. ಅದು ವೈದ್ಯರೊಬ್ಬರಿಂದಲೇ ಆಗತಕ್ಕ ಕೆಲಸವಲ್ಲ. ಮನೆ, ಶಾಲೆ, ಆಸ್ಪತ್ರೆಗಳು ಒಂದರ ಕೈಯನ್ನು ಇನ್ನೊಂದು ಹಿಡಿದಾಗ, ಎಲ್ಲಕ್ಕಿಂತ ಮಿಗಿಲಾಗಿ ಆ ಮಗುವೇ ಬೆಳೆದು ತನ್ನ ಹೃದಯದ ಕಾವಲುಗಾರನಾದಾಗ ಆಗತಕ್ಕದ್ದು. ನಿಮಿಷಕ್ಕೆ ಎಪ್ಪತ್ತು ಬಾರಿ ತಪ್ಪದೆ ಮಿಡಿಯುವ ಅವಯವಕ್ಕಾಗಿ ವರ್ಷಕ್ಕೊಂದು ದಿನವನ್ನು ಮೀಸಲಿಡುವುದು ಹೆಚ್ಚಿನ ಮಾತೇನಲ್ಲ.